ಟವೆಲ್ ಉದಾಹರಣೆ ಚೆನ್ನಾಗಿದೆ, ಕೋಡ್ ತಪ್ಪಿದೆ

ನಮಸ್ಕಾರ. ವಿಷುಯಲ್ ಸ್ಟುಡಿಯೋದಲ್ಲಿ (ಪ್ರೋಗ್ರಾಂ ಬರೆಯೋ ಮೈಕ್ರೋಸಾಫ್ಟ್ ಟೂಲ್) ಕೋಡ್ ಅನಾಲಿಸಿಸ್, ಅಂದ್ರೆ ಕೋಡಲ್ಲಿ ತಪ್ಪು ಹುಡುಕೋ ಪರೀಕ್ಷೆ, ಓಡಿಸ್ದಾಗ ವರ್ಚುಯಲ್ ಮೆಮೊರಿ ಫ್ರೀ ಮಾಡೋ ಕಡೆ ಬರೋ ವಾರ್ನಿಂಗ್‌ಗಳ ಬಗ್ಗೆ ನೀವು ತಿಪಟೂರಿಂದ ಕಳ್ಸಿದ ಲೇಖನ ಎರಡು ಸಲ ಓದ್ದೆ, ಕೋಡನ್ನ ನನ್ನ ಮೆಷಿನ್‌ನಲ್ಲಿ ಓಡ್ಸೂ ನೋಡ್ದೆ. ಈಗಿರೋ ಹಾಗೆ ಹಾಕೋಕಾಗಲ್ಲ. ಬೇಜಾರು ಮಾಡ್ಕೋಬೇಡಿ, ತಿದ್ದಿದ್ರೆ ಒಳ್ಳೇ ಲೇಖನ ಆಗತ್ತೆ ಅನ್ಸಿದ್ದಕ್ಕೇ ಇಷ್ಟುದ್ದ ಬರೀತಿರೋದು.

ಮೊದಲ ಒಂದೂವರೆ ಪುಟ ಕಂಪ್ಯೂಟರ್ ಹುಟ್ಟಿದ ಕಥೆ, ತೆಗೀರಿ. ‘ಮಿಥ್ಯಾ ಸ್ಮೃತಿ ವಿಮೋಚನೆ’ ಅಂತೆಲ್ಲ ಬರ್ದಿದ್ದೀರ, ನೀವು ಫ್ರೆಂಡ್ಸ್ ಹತ್ರ ಹಾಗೆ ಮಾತಾಡ್ತೀರಾ? ಆದ್ರೆ ಮೂರನೇ ಪುಟದಲ್ಲಿ, ತುಮಕೂರು ಬಸ್ ಸ್ಟ್ಯಾಂಡಲ್ಲಿ ಪಾವಗಡ ಬಸ್ಸಿಗೆ ಕಿಟಕೀಲಿ ಟವೆಲ್ ಹಾಕಿ ಸೀಟ್ ಹಿಡಿಯೋದು ರಿಸರ್ವ್, ಹತ್ತಿ ಕೂತ್ಕೊಳ್ಳೋದು ಕಮಿಟ್, ಟವೆಲ್ ಅಲ್ಲೇ ಬಿಟ್ಟು ಎದ್ದು ಹೋಗೋದು ಡಿಕಮಿಟ್ ಅಂತ ಬರ್ದಿದ್ದೀರಲ್ಲ, ಅದನ್ನ ಓದಿ ತುಂಬಾ ಖುಷಿ ಆಯ್ತು. ಸೀಟಲ್ಲಿ ಕೂರೋದು ಮೆಮೊರಿ ಬಳಸೋದು, ಟವೆಲ್ ಅಂದ್ರೆ ಹಿಡಿದಿಟ್ಟ ಅಡ್ರೆಸ್ ಜಾಗ. ಸಿ6250 ವಾರ್ನಿಂಗ್ ಹೇಳೋದೂ ಅದನ್ನೇ, ಸೀಟ್ ಖಾಲಿ, ಆದ್ರೆ ಟವೆಲ್ ಇನ್ನೂ ಇದೆ, ಬೇರೆ ಯಾರೂ ಕೂರಂಗಿಲ್ಲ. ಲೇಖನ ಶುರುವಾಗ್ಬೇಕಾದ್ದು ಇಲ್ಲಿಂದ.

ಈಗ ದೊಡ್ಡ ತೊಂದರೆಗೆ ಬರ್ತೀನಿ. ಆ ವಾರ್ನಿಂಗ್ ಹೋಗ್ಸೋಕೆ ವರ್ಚುಯಲ್‌ಫ್ರೀನಲ್ಲಿ (ಮೆಮೊರಿ ಬಿಡೋ ವಿಂಡೋಸ್ ಫಂಕ್ಷನ್) ಮೆಮ್ ಡಿಕಮಿಟ್ ಅನ್ನೋ ಫ್ಲ್ಯಾಗ್ ತೆಗ್ದು, ಟವೆಲ್ಲನ್ನೂ ಎತ್ತೋ ಮೆಮ್ ರಿಲೀಸ್ ಫ್ಲ್ಯಾಗ್ ಹಾಕಿದ್ದೀರ, ಸರಿ, ಆದ್ರೆ ಮಧ್ಯದಲ್ಲಿರೋ ಸೈಜ್ 4096ನ ಹಾಗೇ ಬಿಟ್ಟಿದ್ದೀರ. ಮೆಮ್ ರಿಲೀಸ್ ಕೊಟ್ರೆ ಸೈಜ್ 0 ಇರ್ಲೇಬೇಕು, ಅಡ್ರೆಸ್ಸೂ ರಿಸರ್ವ್ ಮಾಡ್ದಾಗ ವರ್ಚುಯಲ್‌ಅಲಾಕ್ (ಜಾಗ ಹಿಡಿಯೋ ಫಂಕ್ಷನ್) ಕೊಟ್ಟಿದ್ದೇ ಆಗಿರ್ಬೇಕು. ಟವೆಲ್ಲನ್ನ ಅರ್ಧ ಹರ್ಕೊಂಡು ಹೋಗೋಕಾಗಲ್ಲ, ಎತ್ತಿದ್ರೆ ಪೂರ್ತಿ ಎತ್ಬೇಕು. ನಿಮ್ಮ ಕೋಡ್ ಓಡಿಸ್ದಾಗ ಕಾಲ್ ಫೇಲ್ ಆಗಿ 0 ವಾಪಸ್ ಬಂತು, ಗೆಟ್‌ಲಾಸ್ಟ್‌ಎರರ್ ಕೇಳಿದ್ರೆ 87 (ಕೊಟ್ಟ ಪ್ಯಾರಾಮೀಟರ್ ತಪ್ಪು ಅನ್ನೋ ಎರರ್ ನಂಬರ್). ಅಂದ್ರೆ ಮೊದಲು ಮೆಮೊರಿನಾದ್ರೂ ವಾಪಸ್ ಹೋಗ್ತಿತ್ತು, ನೀವು ಸರಿ ಮಾಡಿದ್ಮೇಲೆ ಅದೂ ಹೋಗ್ತಿಲ್ಲ. ಅನಲೈಸರ್ ಇದನ್ನ ಸಿ6333 ಅಂತ ತೋರ್ಸೇ ತೋರ್ಸಿದೆ, ನೀವು ಕೊನೇ ಪುಟದಲ್ಲಿ ಪ್ರಾಗ್ಮಾ (ಆ ವಾರ್ನಿಂಗ್ ತೋರಿಸ್ಬೇಡ ಅಂತ ಕೋಡಲ್ಲೇ ಹೇಳೋ ಸಾಲು) ಹಾಕಿ ಅದರ ಬಾಯಿ ಮುಚ್ಸಿದ್ದೀರ. ಇದು ಮಾತ್ರ ನಂಗೆ ಖಂಡಿತ ಒಪ್ಪಿಗೆ ಇಲ್ಲ, ಓದೋರು ಇದನ್ನ ಹಾಗೇ ಕಾಪಿ ಮಾಡ್ಕೊಂಡು ಆಫೀಸ್ ಕೋಡಿಗೆ ಹಾಕ್ತಾರೆ.

ನಾನು ಕೋಡ್ ಬರೀತಿದ್ದ ಕಾಲದಲ್ಲಿ ಒಂದು 32 ಬಿಟ್ ಸರ್ವಿಸ್ ಮೂರ್ನಾಲ್ಕು ದಿನಕ್ಕೊಮ್ಮೆ ಬೀಳ್ತಿತ್ತು, ಟಾಸ್ಕ್ ಮ್ಯಾನೇಜರ್ ನೋಡಿದ್ರೆ ಮೆಮೊರಿ ಕಮ್ಮಿನೇ ತೋರ್ಸೋದು, ಆದ್ರೂ ವರ್ಚುಯಲ್‌ಅಲಾಕ್ ನಲ್ ಕೊಡೋದು, ಅಂದ್ರೆ ಜಾಗ ಸಿಗ್ತಿರ್ಲಿಲ್ಲ. ಎರಡು ವಾರ ಎಲ್ಲೆಲ್ಲೋ ಹುಡುಕಿ ಕೊನೆಗೆ ಸಿಕ್ಕಿದ್ದು ಬರೀ ಡಿಕಮಿಟ್ ಮಾಡಿ ಸುಮ್ಮನಾಗ್ತಿದ್ದ ಒಂದು ಸಾಲು. 32 ಬಿಟ್ ಪ್ರಾಸೆಸ್‌ಗೆ ಸಾಮಾನ್ಯವಾಗಿ ಸಿಗೋದೇ 2 ಜಿಬಿ ಅಡ್ರೆಸ್ ಜಾಗ, ಸಲಕ್ಕೆ 1 ಎಂಬಿ ರಿಸರ್ವ್ ಮಾಡಿ ಬಿಡ್ತಾ ಹೋದ್ರೆ 2048 ಸಲ ಆಗೋ ಮುಂಚೆನೇ ಮುಗೀತು. ಈ ಲೆಕ್ಕ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ, ವಾರ್ನಿಂಗ್ ನಂಬರ್ ಇದೆ, ಅದನ್ನ ಕಡೆಗಣಿಸಿದ್ರೆ ಏನು ನಷ್ಟ ಅನ್ನೋದು ಇಲ್ಲ.

ಹಾಗಂತ ಡಿಕಮಿಟ್ ಅಂದ್ರೇನೇ ತಪ್ಪು ಅಂತ ಬರೀಬೇಡಿ, ಅದೇ ಜಾಗನ ಆಮೇಲೆ ಮತ್ತೆ ಕಮಿಟ್ ಮಾಡೋದಿದ್ರೆ ಅದು ಸರಿನೇ, ಕೊನೆಗೊಂದ್ಸಲ ರಿಲೀಸ್ ಆಗ್ಬೇಕು ಅಷ್ಟೆ. ಎರಡೂ ಫ್ಲ್ಯಾಗ್ ಒಟ್ಟಿಗೆ ಸೇರ್ಸಿ ಕೊಟ್ರೂ ಫೇಲ್, ಅದಕ್ಕೆ ಸಿ6331 ಬರತ್ತೆ, ಒಂದು ಸಾಲಲ್ಲಿ ಹೇಳಿ ಸಾಕು.

ಪ್ರಾಗ್ಮಾ ತೆಗ್ದು, ಸೈಜ್ 0 ಮಾಡಿ, ರಿಟರ್ನ್ ವ್ಯಾಲ್ಯೂ ಚೆಕ್ ಮಾಡೋ ಹಾಗೆ ಬರ್ದು ಓಡ್ಸಿ, ಬಂದ ಔಟ್‌ಪುಟ್ ಜೊತೆ ಮತ್ತೆ ಕಳ್ಸಿ. ಟವೆಲ್ ಪ್ಯಾರಾ ಮಾತ್ರ ಒಂದಕ್ಷರನೂ ಮುಟ್ಬೇಡಿ.