ಓದುಗರ ಪ್ರಶ್ನೆ: ಚಿತ್ರದ ಹೂವಿಗೆ 17 ಅಕ್ಷರ

ಪ್ರಶ್ನೆ: ಮೇಡಂ, ವ್ಯಾನ್ ಗೋನ ಬಾದಾಮಿ ಹೂವಿನ ಪೇಂಟಿಂಗ್ ನೋಡಿ ಒಂದು ಹೈಕು (ಮೂರು ಸಾಲಿನ ಜಪಾನಿ ಥರದ ಪುಟ್ಟ ಪದ್ಯ) ಬರ್ದೆ.

ನೀಲಿ ಬಾನಲ್ಲಿ
ಬಿಳಿ ಹೂವರಳಿವೆ
ಎಷ್ಟು ಸುಂದರ

ಸಾಲಿಗೆ 5-7-5 ಅಕ್ಷರದ ಲೆಕ್ಕ ಕರೆಕ್ಟಾಗಿದೆ, ಆದ್ರೂ ನಮ್ಮನೆಯವ್ರು ಕ್ಯಾಲೆಂಡರ್ ಸಾಲಿದ್ದಂಗಿದೆ ಅಂತಾರೆ. ಏನ್ ಕಮ್ಮಿಯಾಗಿದೆ?
(ಓದುಗರು, ದಾವಣಗೆರೆ)

ಉತ್ತರ: ನಿಮ್ಮನೆಯವ್ರು ಹೇಳಿದ್ದು ಸರಿ ಕಣ್ರೀ, ಬೇಜಾರಾಗ್ಬೇಡಿ. ನೀಲಿ ಬಾನು, ಬಿಳಿ ಹೂವು ಎರಡೂ ಚಿತ್ರದಲ್ಲೇ ಕಾಣುತ್ತೆ, ಮತ್ತೆ ಅದನ್ನೇ ಹೇಳಿ 12 ಅಕ್ಷರ ಖರ್ಚು ಮಾಡಿದ್ರಿ, ಉಳಿದ ಐದನ್ನ 'ಎಷ್ಟು ಸುಂದರ'ಕ್ಕೆ ಕೊಟ್ಟುಬಿಟ್ರಿ, ಅದನ್ನ ಓದೋರು ಅವರಾಗೇ ಅಂದ್ಕೋಬೇಕು. ಈಗ ಚಿತ್ರದ ಕಥೆ ನೋಡಿ, 1890ರ ಜನವರಿ ಕೊನೇಲಿ ವಿನ್ಸೆಂಟ್ ವ್ಯಾನ್ ಗೋನ ತಮ್ಮ ಥಿಯೋಗೆ ಗಂಡುಮಗು ಹುಟ್ತು, ಅವ್ರು ಅಣ್ಣನ ಹೆಸರನ್ನೇ ಮಗೂಗೆ ಇಟ್ರು, ವಿನ್ಸೆಂಟ್ ಅಂತ. ಆಗ ಫ್ರಾನ್ಸಿನ ಸಾಂ ರೆಮಿಯ ಮಾನಸಿಕ ಆಸ್ಪತ್ರೇಲಿದ್ದ ದೊಡ್ಡಪ್ಪ, ತಮ್ಮನ ಮನೆಯ ಮಲಗೋ ಕೋಣೆಗೆ ಅಂತ ಈ ಕೊಂಬೆಗಳನ್ನ ಬರೆದ. ಹೀಗೆ ಬರೆದ್ರೆ ಹೇಗೆ:

ಬಾದಾಮಿ ಹೂವು
ದೊಡ್ಡಪ್ಪನ ಹೆಸರು
ತೊಟ್ಟಿಲಿನಲ್ಲಿ

ಹೂವಿನ ಬಣ್ಣದ ಸುದ್ದೀನೇ ಇಲ್ಲ ನೋಡಿ, ಅದನ್ನ ಪೇಂಟಿಂಗ್ ನೋಡ್ಕೊಳ್ಳುತ್ತೆ.

ಹಂಗಂತ ಪ್ರತಿ ಚಿತ್ರಕ್ಕೂ ಕಥೆ ಹುಡುಕ್ಲೇಬೇಕು ಅಂತಲ್ಲ, ಚಿತ್ರಕಾರ ಏನನ್ನ ಬಿಟ್ಟಿದಾನೆ ಅಂತ ನೋಡಿದ್ರೂ ಸಾಕು. ಟೋಕಿಯೋದ ನೆಜು ಮ್ಯೂಸಿಯಂನಲ್ಲಿ ಜಪಾನಿನ ಹಳೇ ಚಿತ್ರಕಾರ ಓಗಾಟಾ ಕೋರಿನ್ ಬರೆದ ಐರಿಸ್ ಹೂಗಳ ಒಂದು ಜೋಡಿ ಮಡಿಕೆ ಪರದೆ ಇದೆ, ಚಿನ್ನದ ಹಾಳೆ ಮೇಲೆ ನೀಲಿ ಹೂ ಹಸಿರು ಎಲೆ ಬಿಟ್ರೆ ಬೇರೇನೂ ಇಲ್ಲ. ಅದರ ಮೂಲ ಒಂದು ಹಳೇ ಕಥೆ, ರಾಜಧಾನಿ ಬಿಟ್ಟು ಹೊರಟೋರು ಸೇತುವೆ ಹತ್ರ ಊಟಕ್ಕೆ ಕೂತಾಗ ಒಬ್ಬ ಐರಿಸ್ ನೋಡಿ 5-7-5-7-7ರ ತಂಕಾ ಅನ್ನೋ ಜಪಾನಿ ಪದ್ಯ ಕಟ್ತಾನೆ, ಐದು ಸಾಲಿನ ಮೊದಲಕ್ಷರ ಕೂಡಿಸಿದ್ರೆ ಹೂವಿನ ಜಪಾನಿ ಹೆಸರೇ ಬರುತ್ತೆ, ಕೇಳ್ದೋರ ಕಣ್ಣೀರು ಬಿದ್ದು ಒಣಗಿಸಿದ ಅನ್ನ ಉಬ್ಬಿಹೋಯ್ತಂತೆ. ಕೋರಿನ್ ಆ ಜನ, ಸೇತುವೆ, ಅನ್ನ ಎಲ್ಲಾನೂ ತೆಗೆದುಬಿಟ್ಟ! ನೀವು ಅದನ್ನ ನೋಡಿ ಬರೆಯೋದಾದ್ರೆ ಆ ಉಬ್ಬಿದ ಅನ್ನದಿಂದ ಶುರು ಮಾಡಿ.

ಪ್ರಶ್ನೆ: ಒತ್ತಕ್ಷರ ಒಂದಾ ಎರಡಾ? ಸೊನ್ನೆ ಲೆಕ್ಕಕ್ಕುಂಟಾ?
(ಓದುಗರು, ಶಿರಸಿ)

ಉತ್ತರ: ಒತ್ತು ಬಂದ್ರೂ ಒಂದೇ ಅಕ್ಷರ, ಸೊನ್ನೆಗೆ ಬೇರೆ ಲೆಕ್ಕ ಇಲ್ಲ, 'ಸುಂದರ' ಮೂರೇ. ಜಪಾನಿಯಲ್ಲಿ ದೀರ್ಘಕ್ಕೆ ಎರಡು, ಕೊನೇ ನ್‌ಕಾರಕ್ಕೂ ಒಂದು ಎಣಿಸ್ತಾರೆ, ಅದು ನಮ್ಮ ಮಾತ್ರೆ ಲೆಕ್ಕಕ್ಕೆ ಹತ್ರ. ಆದ್ರೆ 17 ಮಾತ್ರೆ ಅಂತ ಕೂತ್ರೆ ಕನ್ನಡದಲ್ಲಿ ಉಸಿರು ಕಟ್ಟುತ್ತೆ, ನನ್ನ ವೋಟು ಅಕ್ಷರಕ್ಕೇ.

ಪ್ರಶ್ನೆ: ಪದ್ಯದ ಜೊತೆ ಚಿತ್ರದ ಹೆಸರು ಹಾಕ್ಬೇಕಾ?
(ಓದುಗರು, ಮೈಸೂರು)

ಉತ್ತರ: ಹಾಕಿ, ಶೀರ್ಷಿಕೆಯಾಗೇ ಹಾಕಿ, ಕಲಾವಿದರ ಹೆಸರೂ ಇರ್ಲಿ. ಶೀರ್ಷಿಕೇನ ಯಾರೂ ಎಣಿಸಲ್ಲ, ಹಾಗಾಗಿ ಅಲ್ಲೇ 'ಸೂರ್ಯಕಾಂತಿ' ಅಂದುಬಿಟ್ರೆ ಒಳಗೆ ನಾಲ್ಕು ಅಕ್ಷರ ಉಳೀತು.