ಡವಾಲಿ ಬಿಲ್ಲೆಯ ಮೇಲಿನ ಎರಡು ತಲೆಯ ಹಕ್ಕಿ

ಪ್ರಶ್ನೆ: ನಮ್ಮ ಮುತ್ತಜ್ಜ ಮೈಸೂರು ಅರಮನೆಯಲ್ಲಿ ಜಮೇದಾರರಾಗಿದ್ದರಂತೆ. ಅವರ ಡವಾಲಿಯ ಹಿತ್ತಾಳೆ ಬಿಲ್ಲೆ ಈಗಲೂ ಮನೆಯಲ್ಲಿದೆ. ಅದರ ಮೇಲೆ ಎರಡು ತಲೆಯ ಹಕ್ಕಿ ಇದೆ. ಅದು ನಮ್ಮದೇ ಮನೆತನದ ಲಾಂಛನ ಅಂತಾರೆ ದೊಡ್ಡಪ್ಪ. ತಂಗಿಯ ಲಗ್ನಪತ್ರಿಕೆಯಲ್ಲಿ ಹಾಕಿಸುವ ಆಸೆ. ಅದರ ಅರ್ಥವೇನು?
– ಓದುಗರೊಬ್ಬರು, ಮಂಡ್ಯ

ಉತ್ತರ: ಆ ಬಿಲ್ಲೆಯನ್ನು ಇಷ್ಟು ವರ್ಷ ಜೋಪಾನ ಮಾಡಿದ್ದೀರಲ್ಲ, ಓದಿ ತುಂಬಾ ಖುಷಿಯಾಯಿತು. ಆದರೆ ದೊಡ್ಡಪ್ಪನವರಿಗೆ ಮೆಲ್ಲಗೆ ಹೇಳಿ, ಅದು ಮೈಸೂರು ಒಡೆಯರ ಮನೆತನದ ಲಾಂಛನ. ನಿಮ್ಮ ಮುತ್ತಜ್ಜ ಅದನ್ನು ಎದೆಯ ಮೇಲೆ ಧರಿಸಿದ್ದು ಅರಮನೆಯ ಚಾಕರಿಯ ಗುರುತಾಗಿ.

ಹಕ್ಕಿಯ ಹೆಸರು ಗಂಡಭೇರುಂಡ. ಹಳಗನ್ನಡದಲ್ಲಿ ಗಂಡ ಅಂದರೆ ಶೂರ. ಹಿರಣ್ಯಕಶಿಪುವನ್ನು ಕೊಂದ ಮೇಲೂ ನರಸಿಂಹನ ಕೋಪ ಇಳಿಯಲಿಲ್ಲ. ಅದನ್ನು ಅಡಗಿಸಲು ಶಿವ ಶರಭನಾಗಿ, ಅಂದರೆ ಸಿಂಹ, ಹಕ್ಕಿ ಎರಡೂ ಬೆರೆತ ಪ್ರಾಣಿಯಾಗಿ ಬಂದ. ಆಗ ನರಸಿಂಹ ಗಂಡಭೇರುಂಡನಾದ ಅನ್ನುವುದು ವೈಷ್ಣವರ ಕತೆ. ಶೈವರು ಹೇಳುವ ಕತೆಯಲ್ಲಿ ಗೆಲ್ಲುವುದು ಶರಭನೇ.

ಒಡೆಯರಿಗಿಂತ ಎಷ್ಟೋ ಮೊದಲೇ ಈ ಹಕ್ಕಿ ನಮ್ಮ ನಾಡಿನಲ್ಲಿತ್ತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಹೋದರೆ 1047ರಲ್ಲಿ ಬನವಾಸಿಯನ್ನು ಆಳುತ್ತಿದ್ದ ಚಾವುಂಡರಾಯ ನಿಲ್ಲಿಸಿದ ಕಂಬ ನೋಡಬಹುದು. (ಶ್ರವಣಬೆಳಗೊಳದ ಚಾವುಂಡರಾಯ ಬೇರೆ.) ಅಲ್ಲಿ ಮನುಷ್ಯನ ಮೈಗೆ ಹಕ್ಕಿಯ ಎರಡು ತಲೆ. ಬೇಲೂರಿನ ಚೆನ್ನಕೇಶವ ಗುಡಿಯ ಕೆತ್ತನೆ ಇನ್ನೂ ಚೆಂದ. ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ ಹಿಡಿದಿದೆ. ಆ ಶರಭನನ್ನೂ ಹಿಡಿದಿರುವುದು ಗಂಡಭೇರುಂಡ! ವಿಜಯನಗರದ ಅಚ್ಯುತದೇವರಾಯನ ನಾಣ್ಯದಲ್ಲಂತೂ ಅದು ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಎತ್ತಿಕೊಂಡು ಹಾರುತ್ತದೆ. ಅಷ್ಟು ದೊಡ್ಡ ಆನೆ ಅದಕ್ಕೆ ಕೋಳಿಮರಿ ಇದ್ದ ಹಾಗೆ. ನನಗಿಂತ ಬಲಶಾಲಿ ಯಾರೂ ಇಲ್ಲ ಅಂತ ರಾಜ ಸಾರುವ ರೀತಿ ಅದು.

ವಿಜಯನಗರದ ನಂತರ ಒಡೆಯರೂ ಈ ಗುರುತನ್ನು ತಮ್ಮದಾಗಿಸಿಕೊಂಡರು. ಅವರ ಬಿರುದಾವಳಿಯಲ್ಲಿ ಶಂಖ, ಚಕ್ರ, ಅಂಕುಶ, ಮಕರ, ಮತ್ಸ್ಯ, ಶರಭ, ಧರಣೀವರಾಹ, ಹನುಮ, ಗರುಡ ಎಲ್ಲವೂ ಇವೆ. ಅಷ್ಟರ ನಡುವೆ ಲಾಂಛನದ ಮಧ್ಯದ ಜಾಗ ಸಿಕ್ಕಿದ್ದು ಗಂಡಭೇರುಂಡಕ್ಕೆ. ಅಕ್ಕಪಕ್ಕ ನಿಂತಿರುವುದು ಸಿಂಹದ ಮೈ, ಆನೆಯ ಸೊಂಡಿಲಿನ ಪ್ರಾಣಿ. ಕೆಲವರು ಅದನ್ನೂ ಶರಭ ಅಂತಾರೆ. ಗಜಕೇಸರಿ ಅನ್ನುವುದೇ ನನಗೆ ಸರಿ ಕಾಣುತ್ತದೆ. ಬೇಲೂರಿನಲ್ಲಿ ಬಲಿಯಾದ ಶರಭನೇ ಇಲ್ಲಿ ಕಾವಲಿಗೆ ನಿಲ್ಲುವುದು ಹೊಂದುವುದಿಲ್ಲ, ಅಲ್ವಾ? ನಡುವೆ ಗುರಾಣಿ, ಎರಡೂ ಕಡೆ ಪ್ರಾಣಿ ಎಂಬ ಈ ಜೋಡಣೆ ಮಾತ್ರ ಯೂರೋಪಿನದು. 1877ರ ದೆಹಲಿ ದರ್ಬಾರಿನಲ್ಲಿ ಬ್ರಿಟಿಷರು ನಮ್ಮ ರಾಜರಿಗೆ ಆ ಮಾದರಿಯ ಲಾಂಛನವಿದ್ದ ಬಾವುಟಗಳನ್ನು ಕೊಟ್ಟಿದ್ದರು.

ನನ್ನ ಮಟ್ಟಿಗೆ ಈ ಲಾಂಛನದ ಜೀವ ಇರುವುದು ಅದರ ಜೊತೆಗಿನ ಮಾತಿನಲ್ಲಿ. ಮುಂದಿನ ಸಲ ಮೈಸೂರಿಗೆ ಹೋದಾಗ ಅರಮನೆಯ ಪೂರ್ವದ ಹೆಬ್ಬಾಗಿಲನ್ನು ಸ್ವಲ್ಪ ನಿಂತು ನೋಡಿ. ‘ನ ಬಿಭೇತಿ ಕದಾಚನ’ ಎಂದು ಬರೆದಿದೆ. ಯಾವತ್ತೂ ಹೆದರುವುದಿಲ್ಲ ಅಂತ ಅರ್ಥ. ಇದು ತೈತ್ತಿರೀಯ ಉಪನಿಷತ್ತಿನ ಮಾತು. ಬ್ರಹ್ಮದ ಆನಂದವನ್ನು ಅರಿತವನು ಯಾವತ್ತೂ ಹೆದರುವುದಿಲ್ಲ ಅನ್ನುತ್ತದೆ ಉಪನಿಷತ್ತು. ನೋಡಿ, ಆನೆಯನ್ನೇ ಎತ್ತುವ ಹಕ್ಕಿಯ ಪಕ್ಕದಲ್ಲಿ ತೋಳ್ಬಲದ ಮಾತೇ ಇಲ್ಲ. ಧೈರ್ಯ ಬರುವುದು ಅರಿವಿನಿಂದ ಅಂತಿದೆ. ಇಂದಿನ ಕರ್ನಾಟಕದ ಲಾಂಛನದಲ್ಲೂ ಕೆಂಪು ಗುರಾಣಿಯ ಮೇಲೆ ಇದೇ ಬಿಳಿ ಹಕ್ಕಿ ಇದೆ, ಉಗುರಿನಲ್ಲಿ ಆನೆ ಇಲ್ಲ.

ಇನ್ನು ಲಗ್ನಪತ್ರಿಕೆಯ ವಿಷಯ. ಇಂಟರ್ನೆಟ್‌ನಲ್ಲಿ ಸಿಕ್ಕ ಸರ್ಕಾರಿ ಲಾಂಛನವನ್ನು ಸುಮ್ನೆ ತೆಗೆದು ಹಾಕಿಸಬೇಡಿ. ಅದರ ಮೇಲಿರುವ ಅಶೋಕನ ಸಿಂಹಗಳ ಬಳಕೆಗೆ 2005ರ ಕಾಯ್ದೆಯ ನಿರ್ಬಂಧವಿದೆ. ಅದರ ಬದಲು ನಿಮ್ಮ ಬಿಲ್ಲೆಯದೇ ಒಂದು ಒಳ್ಳೆಯ ಫೋಟೊ ತೆಗೆಸಿ. ಪತ್ರಿಕೆಯ ಹಿಂಬದಿಯಲ್ಲಿ ಹಾಕಿಸಿ, ಕೆಳಗೆ ಮುತ್ತಜ್ಜನ ಹೆಸರು, ಅವರು ಮಾಡಿದ ಕೆಲಸ ಬರೆಸಿ. ಹುಣಸೆಹಣ್ಣು ಹಾಕಿ ಜಾಸ್ತಿ ತಿಕ್ಕಬೇಡಿ, ಹಕ್ಕಿಯ ಗರಿಗಳು ಸವೆದುಹೋದಾವು. ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.