ಸದಾ ನನ್ನ ಬಗ್ಗೆಯೇ ಯೋಚಿಸುತ್ತೇನೆ, ಇನ್ನೂ ಮನಸ್ಸನ್ನು ಗಮನಿಸಿದರೆ ಬಾರ್ಡರ್‌ಲೈನ್ ಹೇಗೆ ಕಡಿಮೆಯಾಗುತ್ತದೆ?

ನಿಮಗೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ (ಭಾವನೆಗಳು, ಸಂಬಂಧಗಳು ತಟ್ಟನೆ ಏರುಪೇರಾಗುವ ಮಾನಸಿಕ ಸಮಸ್ಯೆ) ಇದೆ ಅಂತ ಡಾಕ್ಟರ್ ಹೇಳಿದ್ದಾರೆ, ಥೆರಪಿಸ್ಟ್ ಮೆಟಾಕಾಗ್ನಿಷನ್, ಅಂದರೆ ನಮ್ಮ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಅಂತ ನಾವೇ ಗಮನಿಸುವ ಶಕ್ತಿ, ಬೆಳೆಸಿಕೊಳ್ಳಬೇಕು ಅನ್ನುತ್ತಿದ್ದಾರೆ, ನೀವೋ ಮೊದಲೇ ಬೆಳಗಿನಿಂದ ರಾತ್ರಿವರೆಗೆ ನಿಮ್ಮ ಬಗ್ಗೆಯೇ ಯೋಚಿಸಿ ಸುಸ್ತಾಗಿದ್ದೀರಿ. ಇದರಿಂದ ಏನು ಪ್ರಯೋಜನ ಅಂತ ಕೇಳಿದ್ದೀರಿ. ನನಗೂ ನಾಲ್ಕು ವರ್ಷದ ಹಿಂದೆ ಇದೇ ಕಾಯಿಲೆ ಅಂತ ಹೇಳಿದರು, ನಾನೂ ಇದನ್ನೇ ಕೇಳಿದ್ದೆ.

ಕೊರಗುವುದು ಬೇರೆ, ಗಮನಿಸುವುದು ಬೇರೆ. ಕೊರಗುವಾಗ ತೀರ್ಪು ಮೊದಲೇ ಬಂದಿರುತ್ತದೆ. 'ನಾನು ಕೆಟ್ಟವಳು', 'ಅವರು ನನ್ನನ್ನು ಬಿಟ್ಟು ಹೋಗುತ್ತಾರೆ'. ಸುಮ್ನೆ ಅದಕ್ಕೆ ಸಾಕ್ಷಿ ಹುಡುಕುತ್ತಾ ಕೂರುತ್ತೇವೆ. ಗಮನಿಸುವುದು ಅಂದರೆ 'ಈಗ ನನಗೆ ಹೀಗೆ ಅನಿಸುತ್ತಿದೆ, ಇದು ಅನಿಸಿಕೆ, ಬೇರೆ ಏನಾದರೂ ಇರಬಹುದಾ' ಅಂತ ಕೇಳಿಕೊಳ್ಳುವುದು, ಅಷ್ಟೇ. ಹೇಳುವುದಕ್ಕೆ ಸುಲಭ. ಸಿಟ್ಟೋ ಭಯವೋ ಏರಿದಾಗ ಮೊದಲು ಕೈಬಿಡುವುದೇ ಇದು.

ಒಂದು ಸಂಜೆ ಅಕ್ಕನಿಗೆ ಫೋನ್ ಮಾಡಿದ್ದೆ. 'ಆಮೇಲೆ ಮಾತಾಡ್ತೀನಿ ಕಣೇ' ಅಂತ ಇಟ್ಟುಬಿಟ್ಟಳು. ಐದು ನಿಮಿಷದಲ್ಲಿ ಅವಳ ನಂಬರ್ ಬ್ಲಾಕ್ ಮಾಡಿದ್ದೆ. ಅವಳ ಮಗುವಿಗೆ ಜ್ವರ ಇತ್ತು ಅಂತ ಗೊತ್ತಾಗಿದ್ದು ಎರಡು ದಿನ ಆದ ಮೇಲೆ. ಥೆರಪಿಸ್ಟ್ ನನಗೆ ಬುದ್ಧಿ ಹೇಳಲಿಲ್ಲ. 'ಇಲ್ಲಿ ನಿಲ್ಲಿಸೋಣ, ಸ್ವಲ್ಪ ಹಿಂದಕ್ಕೆ ಹೋಗೋಣ, ಫೋನ್ ಇಟ್ಟ ಕೂಡಲೇ ಏನಾಯಿತು ಹೇಳಿ' ಅಂದರು. ನನಗೆ ಏನೂ ನೆನಪಾಗಲಿಲ್ಲ. ಆ ಐದು ನಿಮಿಷ ಪೂರ್ತಿ ಖಾಲಿ. ಅವತ್ತು ಇಡೀ ಸೆಷನ್ ಅದರಲ್ಲೇ ಕಳೆಯಿತು, ಎದೆ ಬಿಗಿದಿದ್ದು, ಆಮೇಲೆ ನಾಚಿಕೆ, ಆಮೇಲೆ 'ನಾನು ಅವಳಿಗೆ ಹೊರೆ' ಅನ್ನುವ ಮಾತು, ಸಿಟ್ಟು ಬಂದಿದ್ದು ಕೊನೆಗೆ, ಅಲ್ಲಿಯವರೆಗೆ ನಾನು ಬರೀ ಸಿಟ್ಟು ಅಂತಲೇ ತಿಳಿದಿದ್ದೆ.

ಲಂಡನ್‌ನಲ್ಲಿ ಆಂಥೋನಿ ಬೇಟ್‌ಮನ್ ಮತ್ತು ಪೀಟರ್ ಫೋನಗಿ ಬೆಳೆಸಿದ ಮೆಂಟಲೈಸೇಷನ್ ಥೆರಪಿಯಲ್ಲಿ ಹೀಗೆ ಹಿಂದಕ್ಕೆ ಹೋಗಿ ನೋಡುವುದು ಒಂದು ಮುಖ್ಯ ಕೆಲಸ. ಅನಿಸಿದ್ದೇ ಸತ್ಯ ಅನ್ನುವ ಸ್ಥಿತಿಯಿಂದ ಈಚೆ ಬರುವುದು. ಅವರ ಮೊದಲ ಪ್ರಯೋಗದ ಫಲಿತಾಂಶ 1999ರಲ್ಲಿ ಬಂತು. ಅದೇ ಜನರನ್ನು, ಅವರು ಪ್ರಯೋಗಕ್ಕೆ ಸೇರಿದ ಎಂಟು ವರ್ಷದ ನಂತರ ಮತ್ತೆ ನೋಡಿ 2008ರಲ್ಲಿ ಬರೆದರು. ಈ ಥೆರಪಿ ಪಡೆದವರಲ್ಲಿ ಆಗಲೂ ಬಾರ್ಡರ್‌ಲೈನ್ ಲಕ್ಷಣಗಳು ಪೂರ್ತಿ ಇದ್ದವರು 13 ಪ್ರತಿಶತ, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ 87 ಪ್ರತಿಶತ. ನಲವತ್ತು ಚಿಲ್ಲರೆ ಜನರ ಸಣ್ಣ ಅಧ್ಯಯನ ಅದು. ಕೆಲಸ, ಸಂಬಂಧಗಳ ಕಷ್ಟ ಅವರಲ್ಲಿ ಎಷ್ಟೋ ಜನರಿಗೆ ಹಾಗೇ ಉಳಿದಿತ್ತು ಅನ್ನುವುದನ್ನೂ ಬರೆದಿದ್ದಾರೆ. ಆದರೂ ಆ ಎರಡು ಅಂಕಿ ಓದಿದ ರಾತ್ರಿ ನಾನು ಅತ್ತಿದ್ದೆ.

ಇದೊಂದೇ ದಾರಿ ಅಂತ ನಾನು ಹೇಳಲ್ಲ. ಅಮೆರಿಕದಲ್ಲಿ 90 ಜನರಿಗೆ ಒಂದು ವರ್ಷ ಮೂರು ಬಗೆಯ ಥೆರಪಿ ಕೊಟ್ಟು ಹೋಲಿಸಿದರು. ತನ್ನ ಮತ್ತು ಬೇರೆಯವರ ಮನಸ್ಸನ್ನು ಅರ್ಥ ಮಾಡಿಕೊಳ್ಳುವ ಶಕ್ತಿ ಒಂದರಲ್ಲಿ ಮಾತ್ರ, ಥೆರಪಿಸ್ಟ್ ಜೊತೆಗಿನ ಸಂಬಂಧದಲ್ಲಿ ಮೂಡುವ ಭಾವನೆಗಳನ್ನೇ ನೋಡುವ ಟ್ರಾನ್ಸ್‌ಫರೆನ್ಸ್ ಥೆರಪಿಯಲ್ಲಿ, ಗಮನಾರ್ಹವಾಗಿ ಏರಿತು. ಹಾಗಿದ್ದೂ ಮೂರು ಗುಂಪಿನವರಿಗೂ ಗುಣ ಕಂಡಿತ್ತು. ಮಾರ್ಷಾ ಲೈನ್‌ಹನ್ ಬೆಳೆಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಮೊದಲು ಕೈಗೆ ಕೌಶಲ ಕೊಡುತ್ತದೆ, ಬಿರುಗಾಳಿ ದಾಟುವುದು ಹೇಗೆ ಅಂತ. ತಮ್ಮನ್ನೇ ನೋಯಿಸಿಕೊಳ್ಳುವ ಹಂತದಲ್ಲಿ ಇರುವವರಿಗೆ ಅದೇ ಮೊದಲು ಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು. ಮನಸ್ಸು ಕುದಿಯುವಾಗ ಗಮನಿಸಲು ಹೋಗಬೇಡಿ. ಆಗ ತಣ್ಣೀರಲ್ಲಿ ಮುಖ ತೊಳೆಯಿರಿ, ಓಡಾಡಿ, ಮೆಸೇಜ್ ಕಳಿಸುವುದನ್ನು ಅರ್ಧ ಗಂಟೆ ತಡ ಮಾಡಿ. ತಣ್ಣಗಾದ ಮೇಲೆ ಎರಡೇ ಸಾಲು ಬರೆಯಿರಿ: ಏನಾಯಿತು, ನನಗೆ ಏನು ಅನಿಸಿತು. ನನಗೆ ಮೊದಲು ಎರಡು ದಿನ ಆದ ಮೇಲೆ ಹೊಳೆಯುತ್ತಿದ್ದದ್ದು ಆಮೇಲೆ ಎರಡು ಗಂಟೆಗೆ ಬಂತು, ಈಗ ಕೆಲವು ಸಲ ಫೋನ್ ಕೈಯಲ್ಲಿರುವಾಗಲೇ ಹೊಳೆಯುತ್ತದೆ. ಕೆಲವು ಸಲ ಮಾತ್ರ. ಹೋದ ತಿಂಗಳೂ ಅಕ್ಕನ ಜೊತೆ ಜಗಳ ಆಯಿತು, ಆದರೆ ಅವತ್ತು ರಾತ್ರಿಯೇ ನಾನೇ ಫೋನ್ ಮಾಡಿದೆ.

ಥೆರಪಿ ಇಲ್ಲದ ರಾತ್ರಿ ತೀರಾ ಕಷ್ಟ ಆದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಣ ಬೇಡ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಮುಂದಿನ ಸೆಷನ್‌ನಲ್ಲಿ ಥೆರಪಿಸ್ಟ್‌ಗೆ ನನಗೆ ಕೇಳಿದ್ದನ್ನೇ ಕೇಳಿ, 'ನಾನು ಮೊದಲೇ ಜಾಸ್ತಿ ಯೋಚಿಸುತ್ತೇನಲ್ಲ' ಅಂತ. ಆಮೇಲೆ ಈ ವಾರದ ಯಾವುದಾದರೂ ಒಂದು ಜಗಳ ಆರಿಸಿಕೊಂಡು ಅದರ ಐದು ನಿಮಿಷವನ್ನು ಜೊತೆಯಲ್ಲಿ ನೋಡೋಣ ಅಂತ ಹೇಳಿ.